ಇಲಿಮರಿಯ ಮಿದುಳಿನಲ್ಲಿ ನರತಂತುಗಳ ಬೆಳವಣಿಗೆ: ಡಿಫ್ಯೂಷನ್ ಎಂಆರ್‌ಐ ಮೂಲಕ ಅಧ್ಯಯನ ಮಾಡುವ ಬಗೆ

ವಯಸ್ಕ ಇಲಿಯ ಮಿದುಳಿನ ತೂಕ ಅರ್ಧ ಗ್ರಾಮಿಗೂ ಕಡಿಮೆ. ಅದರ ಎಡ–ಬಲ ಗೋಲಾರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಎಂಬ ನರತಂತುಗಳ ಪಟ್ಟಿ ನಡುಗೆರೆಯಲ್ಲಿ ಮಿಲಿಮೀಟರಿನ ಕೆಲವೇ ಹತ್ತರ ಭಾಗದಷ್ಟು ದಪ್ಪವಿರುತ್ತದೆ. ಆಗತಾನೇ ಹುಟ್ಟಿದ ಮರಿಯಲ್ಲಿ ಅದು ಇನ್ನೂ ತೆಳು. ಇಷ್ಟು ಸಣ್ಣ ಅಂಗದೊಳಗೆ ತಂತುಗಳು ಯಾವಾಗ ಹೊರಟು, ಯಾವ ದಾರಿ ಹಿಡಿದು, ಯಾವ ವಯಸ್ಸಿನಲ್ಲಿ ಮೈಲಿನ್ ಎಂಬ ಕೊಬ್ಬಿನ ಕವಚ ಪಡೆಯುತ್ತವೆ ಎಂಬುದನ್ನು ಮಿದುಳನ್ನು ಕತ್ತರಿಸದೆ ಮೂರು ಆಯಾಮಗಳಲ್ಲಿ ನೋಡಲು ಹೆಚ್ಚು ಬಳಕೆಯಲ್ಲಿರುವ ಸಾಧನ ಡಿಫ್ಯೂಷನ್ ಎಂಆರ್‌ಐ. 1994ರಲ್ಲಿ ಪೀಟರ್ ಬ್ಯಾಸರ್, ಜೇಮ್ಸ್ ಮ್ಯಾಟಿಯೆಲ್ಲೊ ಮತ್ತು ಡೆನಿ ಲ ಬಿಯಾನ್ ಇದರ ಟೆನ್ಸರ್ ರೂಪವನ್ನು, ಅಂದರೆ ಪ್ರತಿ ಬಿಂದುವಿನಲ್ಲೂ ನೀರಿನ ಚಲನೆ ಯಾವ ದಿಕ್ಕಿಗೆ ಎಷ್ಟು ಎಂಬುದನ್ನು ಹೇಳುವ ಗಣಿತರೂಪವನ್ನು, ಮುಂದಿಟ್ಟರು. 2001ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸುಸುಮು ಮೋರಿ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಬೆಳೆಯುತ್ತಿರುವ ಇಲಿಯ ಮಿದುಳಿಗೆ ಅನ್ವಯಿಸಿ ತೋರಿಸಿದರು. ಈ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವ ಸಂಶೋಧನಾ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಲಸ ನಡೆಯುವ ಕ್ರಮದಲ್ಲಿಯೇ ಈ ಲೇಖನವನ್ನು ಬರೆದಿದೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು ಸ್ಪಷ್ಟವಾಗಿರಬೇಕು. ಈ ಯಂತ್ರ ನರತಂತುಗಳನ್ನು ನೋಡುವುದಿಲ್ಲ. ನೀರಿನ ಅಣುಗಳ ಅಲೆದಾಟವನ್ನು, ಅಂದರೆ ವಿಸರಣೆಯನ್ನು (ಡಿಫ್ಯೂಷನ್), ಅಳೆಯುತ್ತದೆ. ಸುಮಾರು 50 ಮಿಲಿಸೆಕೆಂಡುಗಳ ಅವಧಿಯಲ್ಲಿ ಅಂಗಾಂಶದೊಳಗಿನ ನೀರಿನ ಅಣು ಹತ್ತು ಮೈಕ್ರಾನ್‌ನಷ್ಟು ದೂರ ಸರಿಯುತ್ತದೆ. ಹೊರೆ ಕಟ್ಟಿದ ಕಬ್ಬಿನ ಜಲ್ಲೆಗಳ ನಡುವೆ ಸುರಿದ ನೀರು ಜಲ್ಲೆಗಳ ಉದ್ದಕ್ಕೆ ಸುಲಭವಾಗಿ ಹರಿದು ಅಡ್ಡಕ್ಕೆ ತಡೆಯುವಂತೆ, ಒತ್ತಾಗಿ ಜೋಡಿಸಿಕೊಂಡ ತಂತುಗಳಿರುವ ಕಡೆ ಈ ಅಲೆದಾಟ ತಂತುಗಳ ಉದ್ದಕ್ಕೆ ಹೆಚ್ಚು, ಅಡ್ಡಕ್ಕೆ ಕಡಿಮೆ. ಈ ವ್ಯತ್ಯಾಸದಿಂದ ದಿಕ್ಕನ್ನು ಊಹಿಸುತ್ತೇವೆ, ದಿಕ್ಕುಗಳನ್ನು ಜೋಡಿಸಿ ದಾರಿಯನ್ನು ಊಹಿಸುತ್ತೇವೆ. ಎರಡೂ ಊಹೆಗಳೇ. ಮುಂದಿನ ಹಂತಗಳಲ್ಲಿ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಪ್ರಶ್ನೆ ಮತ್ತು ವಯಸ್ಸು

ಇಲಿಯ ಗರ್ಭಾವಧಿ ಸುಮಾರು 19 ದಿನ. ಆ ಅಲ್ಪಾವಧಿಯಲ್ಲಿ ಘಟನೆಗಳು ಬಹಳ ಬೇಗ ನಡೆದುಹೋಗುತ್ತವೆ. ಕಾರ್ಪಸ್ ಕಲೋಸಮ್‌ನ ಮುಂಚೂಣಿ ತಂತುಗಳು ಗರ್ಭದ 15.5ನೆಯ ದಿನದ ಸುಮಾರಿಗೆ ನಡುಗೆರೆಯನ್ನು ದಾಟಲು ತೊಡಗುತ್ತವೆ. ಮುಂದಿನ ಒಂದೆರಡು ದಿನಗಳಲ್ಲಿ ಮಿದುಳಿನ ಹೊರಪದರದ ತಂತುಗಳು ಅವುಗಳನ್ನು ಹಿಂಬಾಲಿಸುತ್ತವೆ. ಆದ್ದರಿಂದ ವಯಸ್ಸನ್ನು ಎಣಿಸುವ ಪದ್ಧತಿಯಲ್ಲಿ ಅರ್ಧ ದಿನದ ಗೊಂದಲವಿದ್ದರೂ ಫಲಿತಾಂಶ ಕೆಡುತ್ತದೆ. ಕೂಡಿದ ಗುರುತು ಕಂಡ ದಿನವನ್ನು ಕೆಲವು ಪ್ರಯೋಗಾಲಯಗಳು 0.5 ಎಂದೂ ಕೆಲವು 0 ಎಂದೂ ಎಣಿಸುತ್ತವೆ. ನೀವು ಯಾವುದನ್ನು ಅನುಸರಿಸಿದ್ದೀರಿ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದಿಡಿ. ಭ್ರೂಣಗಳ ಬಾಹ್ಯ ಲಕ್ಷಣಗಳನ್ನು ಥೈಲರ್ ಹಂತಗಳೊಂದಿಗೆ (ಇಲಿ ಭ್ರೂಣದ ಬೆಳವಣಿಗೆಯ ಪ್ರಮಾಣಿತ ಹಂತಗಳು) ಹೋಲಿಸಿ ವಯಸ್ಸನ್ನು ಖಚಿತಪಡಿಸಿಕೊಳ್ಳಿ.

ಹುಟ್ಟಿದ ಮೇಲಿನ ಕಥೆ ಬೇರೆ. ಹುಟ್ಟುವ ಹೊತ್ತಿಗೆ ಇಲಿಯ ಮುಮ್ಮಿದುಳಿನ ದೊಡ್ಡ ತಂತುಕಟ್ಟುಗಳು ಬಹುಮಟ್ಟಿಗೆ ತಮ್ಮ ಜಾಗದಲ್ಲಿರುತ್ತವೆ, ಆದರೆ ಅವುಗಳಿಗೆ ಮೈಲಿನ್ ಇರುವುದಿಲ್ಲ. ಮೈಲಿನ್ ರಚನೆ ಬೆನ್ನುಹುರಿ ಮತ್ತು ಮಿದುಳುಕಾಂಡದಲ್ಲಿ ಮೊದಲು ಆರಂಭವಾಗಿ ಮುಂದಕ್ಕೆ ಸಾಗುತ್ತದೆ; ಕಾರ್ಪಸ್ ಕಲೋಸಮ್‌ನಲ್ಲಿ ಅದು ಎರಡನೆಯ ವಾರದ ಸುಮಾರಿಗೆ ಕಾಣಿಸಿಕೊಂಡು ಆನಂತರವೂ ವಾರಗಟ್ಟಲೆ ಮುಂದುವರಿಯುತ್ತದೆ. ತಂತುಗಳು ದಾರಿ ಹಿಡಿಯುವುದು ನಿಮ್ಮ ಪ್ರಶ್ನೆಯಾದರೆ ಭ್ರೂಣಗಳು ಬೇಕು, ಮೈಲಿನ್ ಪ್ರಶ್ನೆಯಾದರೆ ಹುಟ್ಟಿದ 7ನೆಯ ದಿನದಿಂದ 60ನೆಯ ದಿನದವರೆಗಿನ ಮರಿಗಳು ಬೇಕು. ಎರಡನ್ನೂ ಒಂದೇ ಯೋಜನೆಯಲ್ಲಿ ಸೇರಿಸುವ ಆಸೆ ಸಹಜ, ಆದರೆ ಸ್ಕ್ಯಾನಿನ ವ್ಯವಸ್ಥೆ, ಅಂಗಾಂಶದ ಸಂಸ್ಕರಣೆ, ವಿಶ್ಲೇಷಣೆ ಮೂರೂ ಬೇರೆಬೇರೆಯಾಗುವುದರಿಂದ ಮೊದಲ ಯೋಜನೆಯಲ್ಲಿ ಹಾಗೆ ಮಾಡದಿರುವುದು ಲೇಸು.

ಮರಿಗಳ ಆಯ್ಕೆಯಲ್ಲಿ ಆಗಾಗ ಕಾಣುವ ದೋಷ ಸಂಖ್ಯಾಶಾಸ್ತ್ರಕ್ಕೆ ಸಂಬಂಧಿಸಿದ್ದು. ಒಂದೇ ಸೂಲಿನ ಮರಿಗಳು ಪರಸ್ಪರ ಹೋಲುತ್ತವೆ: ಅವುಗಳ ತಾಯಿ, ಹಾಲು, ಗರ್ಭದೊಳಗಿನ ಪರಿಸರ ಎಲ್ಲವೂ ಒಂದೇ. ಸೂಲಿನಲ್ಲಿ ಮರಿಗಳು ಹೆಚ್ಚಿದ್ದರೆ ಪ್ರತಿಯೊಂದರ ಬೆಳವಣಿಗೆಯೂ ಸ್ವಲ್ಪ ಹಿಂದೆ ಬೀಳುತ್ತದೆ. ಆದಕಾರಣ ಒಂದು ಸೂಲಿನ ಎಂಟು ಮರಿಗಳನ್ನು ಎಂಟು ಸ್ವತಂತ್ರ ಮಾದರಿಗಳೆಂದು ಎಣಿಸುವಂತಿಲ್ಲ. ಪ್ರತಿ ವಯಸ್ಸಿಗೂ ಹಲವು ಸೂಲುಗಳಿಂದ ಒಂದೊಂದೋ ಎರಡೆರಡೋ ಮರಿಗಳನ್ನು ತೆಗೆದುಕೊಳ್ಳಿ, ಗಂಡು–ಹೆಣ್ಣು ಮತ್ತು ತೂಕವನ್ನು ದಾಖಲಿಸಿ, ವಿಶ್ಲೇಷಣೆಯಲ್ಲಿ ಸೂಲನ್ನು ಒಂದು ಅಂಶವಾಗಿ ಸೇರಿಸಿ. ತಳಿಯ ಆಯ್ಕೆಯೂ ಮುಖ್ಯ: ಬಾಲ್ಬ್/ಸಿ ತಳಿಯ ಕೆಲವು ಇಲಿಗಳಲ್ಲಿ ಕಾರ್ಪಸ್ ಕಲೋಸಮ್ ಅಪೂರ್ಣವಾಗಿರುವುದುಂಟು. ಹಾಗಾಗಿ ಸಾಮಾನ್ಯ ಬೆಳವಣಿಗೆಯ ಮಾದರಿಗೆ ಹೆಚ್ಚಿನವರು ಸಿ57ಬಿಎಲ್/6 ತಳಿಯನ್ನೇ ಬಳಸುತ್ತಾರೆ.

ಭಾರತದಲ್ಲಿ ಈ ಕೆಲಸ ಮಾಡುವವರು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ ತಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿಯನ್ನು ಮೊದಲೇ ಪಡೆಯಬೇಕು. ಅರ್ಜಿಯಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಸಮರ್ಥಿಸುವಾಗ ಮೇಲೆ ಹೇಳಿದ ಸೂಲಿನ ಲೆಕ್ಕವನ್ನು ಬಿಡಬೇಡಿ.

ಜೀವಂತ ಮರಿಯೋ, ಸಂರಕ್ಷಿಸಿದ ಮಿದುಳೋ

ಒಂದೇ ಮರಿಯನ್ನು ಹಲವು ವಯಸ್ಸುಗಳಲ್ಲಿ ಮತ್ತೆ ಮತ್ತೆ ನೋಡಬಹುದೆಂಬುದು ಜೀವಂತ ಸ್ಕ್ಯಾನಿನ ಆಕರ್ಷಣೆ. ಆದರೆ ಎಳೆಯ ಮರಿ ತನ್ನ ದೇಹದ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳಲಾರದು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಬದಲಾದರೆ ನೀರಿನ ವಿಸರಣೆಯ ಪ್ರಮಾಣ ಶೇ. 2ರಿಂದ 2.5ರಷ್ಟು ಬದಲಾಗುತ್ತದೆ. ಬೆಚ್ಚನೆಯ ಗಾಳಿ ಅಥವಾ ನೀರಿನ ಹಾಸಿಗೆಯ ಮೂಲಕ ಉಷ್ಣತೆಯನ್ನು ಸ್ಥಿರವಾಗಿರಿಸುವುದು ಪ್ರಾಣಿಯ ಕ್ಷೇಮಕ್ಕೆ ಎಷ್ಟು ಅಗತ್ಯವೋ ಅಳತೆಯ ನಿಖರತೆಗೂ ಅಷ್ಟೇ ಅಗತ್ಯ. ಇನ್ನೊಂದು ತೊಡಕು ಅರಿವಳಿಕೆಯದು. ಮೊದಲ ವಾರದ ಮರಿಗಳಲ್ಲಿ ಐಸೊಫ್ಲುರೇನ್ ಎಂಬ ಅರಿವಳಿಕೆ ನರಕೋಶಗಳ ಸಾವನ್ನು ಹೆಚ್ಚಿಸುತ್ತದೆ. ಬೆಳವಣಿಗೆಯನ್ನು ನೋಡಲು ಹೋಗಿ ಬೆಳವಣಿಗೆಯನ್ನೇ ಬದಲಿಸದಂತೆ, ಸ್ಕ್ಯಾನ್ ಮಾಡದಿದ್ದರೂ ಅಷ್ಟೇ ಹೊತ್ತು ಅರಿವಳಿಕೆ ಪಡೆದ ಮರಿಗಳ ಗುಂಪೊಂದು ಮತ್ತು ಅರಿವಳಿಕೆಯನ್ನೇ ಕಾಣದ ಗುಂಪೊಂದು ಹೋಲಿಕೆಗೆ ಇರಬೇಕು. ಸ್ಕ್ಯಾನಿನ ನಂತರ ಮರಿಯನ್ನು ಗೂಡಿಗೆ ಬಿಡುವ ಮೊದಲು ಗೂಡಿನ ಹಾಸಿನಿಂದಲೇ ಮೈಯೊರೆಸಿದರೆ ಅದರ ವಾಸನೆ ಉಳಿದು, ತಾಯಿ ಅದನ್ನು ದೂರ ಮಾಡುವ ಸಂಭವ ಕಡಿಮೆಯಾಗುತ್ತದೆ.

ಸಂರಕ್ಷಿಸಿದ ಮಿದುಳಿನಲ್ಲಿ ಉಸಿರಾಟದ ಅಲುಗಾಟವಿಲ್ಲ, ರಾತ್ರಿಯಿಡೀ ಸ್ಕ್ಯಾನ್ ನಡೆಸಬಹುದು, ಹೀಗಾಗಿ ಸೂಕ್ಷ್ಮ ವಿವರಗಳು ಸಿಗುತ್ತವೆ. ತಂತುಗಳ ದಾರಿಯೇ ಪ್ರಶ್ನೆಯಾದಾಗ ನನ್ನ ಸಲಹೆ ಇದೇ. ಪ್ರತಿ ವಯಸ್ಸಿಗೂ ಬೇರೆ ಪ್ರಾಣಿ ಬೇಕಾಗುವುದು ಇದಕ್ಕೆ ತೆರಬೇಕಾದ ಬೆಲೆ.

ಅಂಗಾಂಶದ ಸಿದ್ಧತೆ

ಚಿತ್ರದ ಗುಣಮಟ್ಟದ ಬಹುಪಾಲು ಸ್ಕ್ಯಾನರ್ ಕೋಣೆಗೆ ಹೋಗುವ ಮೊದಲೇ ನಿರ್ಧಾರವಾಗಿರುತ್ತದೆ ಎಂಬುದನ್ನು ಹೊಸಬರು ನಂಬುವುದಿಲ್ಲ. ಗಾಢ ಅರಿವಳಿಕೆಯಲ್ಲಿರುವ ಪ್ರಾಣಿಯ ಹೃದಯದ ಮೂಲಕ ಮೊದಲು ಫಾಸ್ಫೇಟ್ ಬಫರ್ ಹರಿಸಿ ರಕ್ತವನ್ನು ತೊಳೆದು, ಆಮೇಲೆ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್ ಹರಿಸುವುದು ವಾಡಿಕೆ. ರಕ್ತ ಉಳಿದರೆ ಅದರಲ್ಲಿನ ಕಬ್ಬಿಣದಿಂದ ಚಿತ್ರದಲ್ಲಿ ಕಪ್ಪು ಕಲೆಗಳು ಬೀಳುತ್ತವೆ. ಸಣ್ಣ ಭ್ರೂಣಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟರೂ ಸಾಕು. ಫಾರ್ಮಾಲ್ಡಿಹೈಡ್ ವಿಷಕಾರಿಯಾದ್ದರಿಂದ ಈ ಕೆಲಸವೆಲ್ಲ ಹೊಗೆ ಹೀರುವ ಕಪಾಟಿನೊಳಗೇ ನಡೆಯಬೇಕು.

ಮಿದುಳನ್ನು ತಲೆಬುರುಡೆಯಿಂದ ಹೊರತೆಗೆಯಬೇಡಿ. ಎಳೆಯ ಮಿದುಳು ಬಹಳ ಮೆದು. ಹೊರತೆಗೆಯುವಾಗ ಘ್ರಾಣಪಿಂಡ ಹರಿಯುತ್ತದೆ, ಕಿರುಮಿದುಳು ಜಜ್ಜಿಹೋಗುತ್ತದೆ, ಒಟ್ಟು ಆಕಾರವೇ ಬದಲಾಗುತ್ತದೆ. ಚರ್ಮ, ಸ್ನಾಯು, ಕೆಳದವಡೆಗಳನ್ನು ತೆಗೆದು ಬುರುಡೆಯೊಂದಿಗೇ ಇಡಿ. ಸುಮಾರು ಒಂದು ದಿನ ಸಂರಕ್ಷಕದಲ್ಲಿಟ್ಟು, ಆಮೇಲೆ ಗ್ಯಾಡೊಲಿನಿಯಂ ಬೆರೆಸಿದ ಬಫರಿಗೆ ವರ್ಗಾಯಿಸಿ. ಸಾಮಾನ್ಯವಾಗಿ 2 ಮಿಲಿಮೋಲಾರ್ ಸಾಂದ್ರತೆ ಸಾಕು. ಬೂಷ್ಟು ಹಿಡಿಯದಂತೆ ಶೇ. 0.02ರ ಸೋಡಿಯಂ ಅಜೈಡ್ ಸೇರಿಸುತ್ತಾರೆ. ಈ ಬಫರಿನಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಸಂರಕ್ಷಕದ ಉಳಿಕೆ ತೊಳೆದುಹೋಗುವುದರಿಂದ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ. ಗ್ಯಾಡೊಲಿನಿಯಂನಿಂದಾಗಿ ನೀರಿನ ಪ್ರೋಟಾನುಗಳು (ಸಂಕೇತ ಕೊಡುವ ಹೈಡ್ರೋಜನ್ ಬೀಜಗಳು) ಬೇಗ ಚೇತರಿಸಿಕೊಳ್ಳುವುದರಿಂದ ಅಷ್ಟೇ ಸಮಯದಲ್ಲಿ ಹೆಚ್ಚು ಅಳತೆಗಳನ್ನು ಪಡೆಯಬಹುದು. ವಯಸ್ಕ ಮಿದುಳಿನ ಒಳಭಾಗಕ್ಕೆ ಅದು ಸಮನಾಗಿ ಇಳಿಯಲು ವಾರಗಳೇ ಬೇಕಾಗಬಹುದು, ಭ್ರೂಣಕ್ಕೆ ಅಷ್ಟು ಬೇಡ. ಅವಧಿ ಎಷ್ಟೇ ಇರಲಿ, ಒಂದು ವಯಸ್ಸಿನ ಎಲ್ಲ ಮಾದರಿಗಳಿಗೂ ಒಂದೇ ಅವಧಿಯನ್ನು ಪಾಲಿಸಿ. ರೋಗಪೀಡಿತ ಗುಂಪನ್ನು ಜನವರಿಯಲ್ಲಿಯೂ ಆರೋಗ್ಯವಂತ ಗುಂಪನ್ನು ಜುಲೈಯಲ್ಲಿಯೂ ಸಂರಕ್ಷಿಸಿ, ಎರಡನ್ನೂ ಆಗಸ್ಟಿನಲ್ಲಿ ಸ್ಕ್ಯಾನ್ ಮಾಡಿದರೆ, ಕಾಣುವ ವ್ಯತ್ಯಾಸ ರೋಗದ್ದೋ ಬಾಟಲಿಯದ್ದೋ ಎಂದು ಹೇಳಲಾಗುವುದಿಲ್ಲ.

ಸ್ಕ್ಯಾನಿಗೆ ಮೊದಲು ಮಾದರಿಯನ್ನು ಫಾಮ್‌ಬ್ಲಿನ್ ಎಂಬ ಫ್ಲೋರಿನ್‌ಯುಕ್ತ ದ್ರವ ತುಂಬಿದ ಕೊಳವೆಯಲ್ಲಿ ಮುಳುಗಿಸಿ. ಅದರಲ್ಲಿ ಹೈಡ್ರೋಜನ್ ಇಲ್ಲದ ಕಾರಣ ಹಿನ್ನೆಲೆ ಪೂರ್ತಿ ಕಪ್ಪಾಗಿರುತ್ತದೆ. ಬುರುಡೆಯ ಸಂದುಗಳಲ್ಲಿ ಗಾಳಿಗುಳ್ಳೆಗಳು ಉಳಿಯದಂತೆ ಮೆಲ್ಲನೆ ನಿರ್ವಾತ ಕೊಟ್ಟು ಹೊರಗೆಳೆಯಿರಿ. ಒಂದು ಗುಳ್ಳೆ ಉಳಿದರೂ ಅದರ ಸುತ್ತಲಿನ ಚಿತ್ರ ಸೊಟ್ಟಗಾಗುತ್ತದೆ.

ಸ್ಕ್ಯಾನಿನ ನಿಯತಾಂಕಗಳು

ಮನುಷ್ಯರ ಡಿಫ್ಯೂಷನ್ ಚಿತ್ರಗಳಲ್ಲಿ ವೋಕ್ಸೆಲ್ಲಿನ (ಚಿತ್ರದ ಅತಿ ಚಿಕ್ಕ ಘನ ಘಟಕದ) ಬದಿ ಸಾಮಾನ್ಯವಾಗಿ 2 ಮಿ.ಮೀ.; ಇಲಿಯಲ್ಲಿ ಅದು 0.1 ಮಿ.ಮೀ. ಅಥವಾ ಇನ್ನೂ ಕಿರಿದಾಗಿರಬೇಕು. ಗಾತ್ರದಲ್ಲಿ ಇದು 8,000 ಪಟ್ಟು ಚಿಕ್ಕದು, ಹಾಗಾಗಿ ಸಂಕೇತವೂ ಅಷ್ಟೇ ಪಟ್ಟು ಕುಗ್ಗುತ್ತದೆ. ಈ ನಷ್ಟವನ್ನು ತುಂಬಲೆಂದೇ 7, 9.4 ಅಥವಾ 11.7 ಟೆಸ್ಲಾದ ಕಾಂತಗಳು, ಮಾದರಿಯನ್ನು ಒತ್ತಾಗಿ ಸುತ್ತುವರಿಯುವ ಪುಟ್ಟ ಕಾಯಿಲ್‌ಗಳು, ಆಸ್ಪತ್ರೆಯ ಯಂತ್ರಗಳಿಗಿಂತ ಹತ್ತು ಪಟ್ಟು ಬಲವಾದ ಗ್ರೇಡಿಯಂಟ್‌ಗಳು (ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರಗಳು) ಬೇಕಾಗುತ್ತವೆ. ವೋಕ್ಸೆಲ್ಲನ್ನು ಇನ್ನೂ ಚಿಕ್ಕದಾಗಿಸುವ ಮೋಹಕ್ಕೆ ಒಳಗಾಗುವ ಮೊದಲು ಒಂದು ಲೆಕ್ಕ ಹಾಕಿ. ಬದಿಯನ್ನು 0.1ರಿಂದ 0.05 ಮಿ.ಮೀ.ಗೆ ಇಳಿಸಿದರೆ ಸಂಕೇತ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಳತೆಗಳ ಸರಾಸರಿಯಿಂದಲೇ ಅದನ್ನು ಸರಿದೂಗಿಸುವುದಾದರೆ ಸ್ಕ್ಯಾನಿನ ಅವಧಿ 64 ಪಟ್ಟಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ 9.4 ಟೆಸ್ಲಾ ಯಂತ್ರದಲ್ಲಿ ಇಲಿಯ ಮಿದುಳನ್ನು 15 ಮೈಕ್ರಾನ್‌ನಷ್ಟು ಸೂಕ್ಷ್ಮವಾಗಿ ಚಿತ್ರಿಸಿದ್ದು ನಿಜ, ಆದರೆ ಅದರ ಹಿಂದೆ ದಶಕಗಳ ವಿಶೇಷ ಸಿದ್ಧತೆಯಿದೆ.

ಬಿ-ಮೌಲ್ಯ, ಅಂದರೆ ವಿಸರಣೆಗೆ ಸಂಕೇತ ಎಷ್ಟು ಸ್ಪಂದಿಸಬೇಕೆಂಬ ಅಳತೆ, ಜೀವಂತ ಮಿದುಳಿಗೆ ಚದರ ಮಿ.ಮೀ.ಗೆ 1,000 ಸೆಕೆಂಡ್‌ನ ಆಸುಪಾಸಿನಲ್ಲಿರುತ್ತದೆ. ಸಂರಕ್ಷಿಸಿದ ವಯಸ್ಕ ಮಿದುಳಿನಲ್ಲಿ ನೀರಿನ ಚಲನೆ ಅರ್ಧಕ್ಕಿಂತ ಕಡಿಮೆಯಾಗುವುದರಿಂದ 2,000ದಿಂದ 4,000ದವರೆಗೆ ಏರಿಸಬೇಕು. ಭ್ರೂಣದ ಮಿದುಳಿನಲ್ಲಿ ನೀರಿನಂಶ ಹೆಚ್ಚು, ತಡೆಗಳು ಕಡಿಮೆ. ಅಲ್ಲಿ ಇದಕ್ಕಿಂತ ಕಡಿಮೆ ಮೌಲ್ಯವೇ ಸರಿಹೊಂದುತ್ತದೆ. ಟೆನ್ಸರ್ ಲೆಕ್ಕಕ್ಕೆ ಗಣಿತದ ಪ್ರಕಾರ ಆರು ದಿಕ್ಕುಗಳು ಸಾಕು, ಆದರೆ ಮೂವತ್ತು ಅಥವಾ ಹೆಚ್ಚು ದಿಕ್ಕುಗಳನ್ನು ಗೋಳದ ಮೇಲೆ ಸಮನಾಗಿ ಹಂಚಿ ಅಳೆದರೆ ಫಲಿತಾಂಶ ಸ್ಥಿರವಾಗಿರುತ್ತದೆ. ವಿಸರಣೆಗೆ ಸ್ಪಂದಿಸದ (ಬಿ-ಮೌಲ್ಯ ಸೊನ್ನೆಯ) ಚಿತ್ರಗಳನ್ನು ನಡುನಡುವೆ ಹಲವು ಸಲ ತೆಗೆದುಕೊಳ್ಳಿ. ಗ್ರೇಡಿಯಂಟ್ ಬಿಸಿಯೇರಿದಂತೆ ಮಾದರಿಯೂ ಬಿಸಿಯಾಗುತ್ತದೆ ಎಂಬುದು ಈ ಚಿತ್ರಗಳಲ್ಲಿ ಗೊತ್ತಾಗುತ್ತದೆ. ಅಸಲಿ ದತ್ತಾಂಶಕ್ಕೆ ಮುಂಚೆ ಒಂದಷ್ಟು ಹೊತ್ತು ಅದೇ ಅನುಕ್ರಮವನ್ನು ಸುಮ್ಮನೆ ಓಡಿಸಿ ಉಷ್ಣತೆ ನೆಲೆನಿಲ್ಲುವಂತೆ ಮಾಡುವುದು ಒಳ್ಳೆಯ ರೂಢಿ.

ದತ್ತಾಂಶದ ಶುದ್ಧೀಕರಣ

ಸ್ಕ್ಯಾನರ್ ಕೊಟ್ಟ ಕಡತಗಳನ್ನು ನಿಫ್ಟಿ ಎಂಬ ಚಿತ್ರಕಡತದ ರೂಪಕ್ಕೆ ಪರಿವರ್ತಿಸಿದ ಕೂಡಲೇ ದಿಕ್ಕುಗಳನ್ನು ಪರೀಕ್ಷಿಸಿ. ಯಂತ್ರದ ತಂತ್ರಾಂಶ ಮಲಗಿದ ಮನುಷ್ಯನನ್ನು ಊಹಿಸಿಕೊಂಡಿರುವುದರಿಂದ ಇಲಿಯ ಬೆನ್ನು–ಹೊಟ್ಟೆ, ತಲೆ–ಬಾಲದ ಅಕ್ಷಗಳು ಅದಲುಬದಲಾಗುವುದು ಸಾಮಾನ್ಯ. ಚಿತ್ರವನ್ನು ತಿರುಗಿಸಿ ಗ್ರೇಡಿಯಂಟ್ ಕೋಷ್ಟಕವನ್ನು (ಅಳತೆಯ ದಿಕ್ಕುಗಳ ಪಟ್ಟಿಯನ್ನು) ತಿರುಗಿಸದೆ ಬಿಟ್ಟರೆ ನಕ್ಷೆ ನೋಡಲು ಸುಂದರವಾಗಿಯೇ ಇರುತ್ತದೆ, ತಂತುಗಳ ದಾರಿ ಮಾತ್ರ ಪೂರ್ತಿ ತಪ್ಪಾಗಿರುತ್ತದೆ. ರೂಢಿಯ ಬಣ್ಣಗಳಲ್ಲಿ ಕೆಂಪು ಎಡ–ಬಲಕ್ಕೂ ಹಸಿರು ಹಿಂದು–ಮುಂದಕ್ಕೂ ನೀಲಿ ಮೇಲು–ಕೆಳಗಿಗೂ ಸಲ್ಲುತ್ತವೆ. ಕಾರ್ಪಸ್ ಕಲೋಸಮ್ ನಡುಗೆರೆಯಲ್ಲಿ ಕೆಂಪಾಗಿ ಕಾಣದಿದ್ದರೆ ಮುಂದಕ್ಕೆ ಹೋಗಬೇಡಿ. ಎಂಆರ್‌ಟ್ರಿಕ್ಸ್3 ತಂತ್ರಾಂಶದಲ್ಲಿ ಈ ತಪಾಸಣೆಗೆಂದೇ ಒಂದು ಆಜ್ಞೆಯಿದೆ.

ಆಮೇಲೆ ಗದ್ದಲ ತೆಗೆಯುವುದು, ಅಂಚಿನ ಅಲೆಗಳನ್ನು ತೆಗೆಯುವುದು, ಅಲುಗಾಟ ಮತ್ತು ಸುಳಿವಿದ್ಯುತ್ತಿನ (ಗ್ರೇಡಿಯಂಟ್ ಬದಲಾಗುವಾಗ ಲೋಹದ ಭಾಗಗಳಲ್ಲಿ ಹುಟ್ಟುವ ವಿದ್ಯುತ್ತಿನ) ವಿರೂಪಗಳನ್ನು ಸರಿಪಡಿಸುವುದು, ಇದೇ ಕ್ರಮದಲ್ಲಿ. ಗದ್ದಲ ತೆಗೆಯುವ ಹಂತ ಮೊದಲೇ ಬರಬೇಕು, ಏಕೆಂದರೆ ಉಳಿದ ತಿದ್ದುಪಡಿಗಳು ಗದ್ದಲದ ಸಹಜ ಸ್ವರೂಪವನ್ನು ಕದಡಿಬಿಡುತ್ತವೆ. ಎಫ್‌ಎಸ್‌ಎಲ್‌ನಂತಹ ತಂತ್ರಾಂಶಗಳು ಮನುಷ್ಯರ ಮಿದುಳಿನ ಗಾತ್ರಕ್ಕೆ ಹೊಂದಿಸಿದವು. ಇಲಿಯ ಚಿತ್ರ ಅವುಗಳಿಗೆ ಹಿಡಿಸುವುದಿಲ್ಲ. ಕಡತದ ಶೀರ್ಷಿಕೆಯಲ್ಲಿ (ಹೆಡರ್) ವೋಕ್ಸೆಲ್ಲಿನ ಅಳತೆಯನ್ನು ಹತ್ತು ಪಟ್ಟು ಹೆಚ್ಚಿಸಿ ಅವುಗಳನ್ನು ಒಪ್ಪಿಸುವುದು ಹಳೆಯ ಉಪಾಯ. ಬಿ-ಮೌಲ್ಯವನ್ನು ಬದಲಿಸಬೇಕಾಗಿಲ್ಲ, ಆದರೆ ಕೊನೆಯಲ್ಲಿ ತಂತುಗಳ ಉದ್ದ ಮತ್ತು ಗಾತ್ರವನ್ನು ವರದಿ ಮಾಡುವಾಗ ಹಳೆಯ ಅಳತೆಗೆ ಮರಳಲು ಮರೆಯಬಾರದು. ಮಿದುಳಿನ ಗಡಿಯನ್ನು ಗುರುತಿಸುವ ಕೆಲಸ ಮರಿಗಳಲ್ಲಿ ತಾನಾಗಿಯೇ ಸರಿಯಾಗಿ ಆಗುವುದು ಅಪರೂಪ. ಕೈಯಿಂದ ತಿದ್ದಲು ಸಮಯವಿಟ್ಟುಕೊಳ್ಳಿ.

ಸಂಖ್ಯೆಗಳನ್ನು ಓದುವ ಬಗೆ

ಟೆನ್ಸರ್ ಲೆಕ್ಕದಿಂದ ನಾಲ್ಕು ನಕ್ಷೆಗಳು ದೊರೆಯುತ್ತವೆ: ವಿಸರಣೆಯ ದಿಕ್ಕು ಎಷ್ಟು ಏಕಮುಖವಾಗಿದೆ ಎಂಬುದನ್ನು 0ಯಿಂದ 1ರವರೆಗೆ ಹೇಳುವ ಎಫ್‌ಎ (ಫ್ರ್ಯಾಕ್ಷನಲ್ ಅನೈಸೊಟ್ರೊಪಿ), ಸರಾಸರಿ ವಿಸರಣೆ, ತಂತುವಿನ ಉದ್ದದ ವಿಸರಣೆ ಮತ್ತು ಅಡ್ಡದ ವಿಸರಣೆ. ಎಫ್‌ಎ ಹೆಚ್ಚಿದರೆ ಮೈಲಿನ್ ಹೆಚ್ಚಿದೆ ಎಂದು ಬರೆಯುವ ಚಾಳಿ ಇನ್ನೂ ಹೋಗಿಲ್ಲ. ಅದು ತಪ್ಪು ಎಂಬುದಕ್ಕೆ ಬಹಳ ಹಿಂದೆಯೇ ಸಾಕ್ಷ್ಯ ಸಿಕ್ಕಿದೆ: 1994ರಲ್ಲಿ ಕ್ರಿಶ್ಚಿಯನ್ ಬೋಲ್ಯೂ ಮತ್ತು ಪೀಟರ್ ಆಲನ್ ಗಾರ್ ಮೀನಿನ ನರಗಳನ್ನು ಅಳೆದು, ಮೈಲಿನ್ ಇಲ್ಲದ ಘ್ರಾಣನರದಲ್ಲಿಯೂ ನೀರಿನ ಚಲನೆ ಸ್ಪಷ್ಟವಾಗಿ ಏಕಮುಖವಾಗಿರುವುದನ್ನು ತೋರಿಸಿದರು. ತಂತುವಿನ ಪೊರೆಯೇ ಸಾಕಷ್ಟು ತಡೆಯೊಡ್ಡುತ್ತದೆ, ಮೈಲಿನ್ ಅದನ್ನು ಹೆಚ್ಚಿಸುತ್ತದೆ ಅಷ್ಟೇ. ಹಾಗಿಲ್ಲದಿದ್ದರೆ ಮೈಲಿನ್ ಹುಟ್ಟುವ ಮೊದಲಿನ ಭ್ರೂಣದಲ್ಲಿ ನಮಗೆ ತಂತುಕಟ್ಟುಗಳು ಕಾಣುತ್ತಲೇ ಇರಲಿಲ್ಲ.

ಮೈಲಿನ್ ಕುರಿತ ಪ್ರಶ್ನೆಗೆ ಅಡ್ಡದ ವಿಸರಣೆ ಹೆಚ್ಚು ನೆರವಾಗುತ್ತದೆ. ಮೈಲಿನ್ ಬೇಸಿಕ್ ಪ್ರೋಟೀನ್ ಇಲ್ಲದ ಶಿವರರ್ ಇಲಿಗಳ ಮಿದುಳಿನಲ್ಲಿ ಗಟ್ಟಿಯಾದ ಮೈಲಿನ್ ರೂಪುಗೊಳ್ಳುವುದಿಲ್ಲ, ಆದರೆ ತಂತುಗಳು ಉಳಿದಿರುತ್ತವೆ. 2002ರಲ್ಲಿ ಶೆಂಗ್-ಕ್ವೇ ಸಾಂಗ್ ಮತ್ತು ಸಹೋದ್ಯೋಗಿಗಳು ಈ ಇಲಿಗಳಲ್ಲಿ ಅಡ್ಡದ ವಿಸರಣೆ ಹೆಚ್ಚಿರುವುದನ್ನೂ ಉದ್ದದ ವಿಸರಣೆ ಬದಲಾಗದಿರುವುದನ್ನೂ ಕಂಡರು. ಇಷ್ಟಾದರೂ, ತಂತುಗಳ ದಟ್ಟಣೆ ಕಡಿಮೆಯಾದಾಗಲೂ ಅಡ್ಡದ ವಿಸರಣೆ ಹೆಚ್ಚುತ್ತದೆ ಎಂಬುದನ್ನು ಮರೆಯುವಂತಿಲ್ಲ; ಒಂದರ ಮೇಲೊಂದು ಹಾಯುವ ತಂತುಗಳಿರುವ ಕಡೆ ಈ ವಿಂಗಡಣೆಯೇ ಅರ್ಥ ಕಳೆದುಕೊಳ್ಳುತ್ತದೆ.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಭ್ರೂಣದ ಮಿದುಳಿನ ಹೊರಪದರ. ಅಲ್ಲಿ ಎಫ್‌ಎ ಗಣನೀಯವಾಗಿ ಹೆಚ್ಚಿರುತ್ತದೆ, ದಿಕ್ಕು ಒಳಗಿನಿಂದ ಹೊರಕ್ಕೆ ಚಾಚಿರುತ್ತದೆ, ನೋಡಿದರೆ ತಂತುಕಟ್ಟೇ ಅನಿಸುತ್ತದೆ. ಅದಕ್ಕೆ ಕಾರಣ ರೇಡಿಯಲ್ ಗ್ಲಿಯಾ ಕೋಶಗಳ (ಎಳೆಯ ನರಕೋಶಗಳಿಗೆ ದಾರಿಯಾಗುವ ಆಧಾರಕೋಶಗಳ) ನೀಳ ಚಾಚುಗಳು ಮತ್ತು ಎಳೆಯ ನರಕೋಶಗಳ ಮುಖ್ಯ ಡೆಂಡ್ರೈಟ್‌ಗಳು (ಸಂದೇಶ ಪಡೆಯುವ ಕವಲುಗಳು). ಹುಟ್ಟಿದ ನಂತರ ಡೆಂಡ್ರೈಟ್‌ಗಳು ಎಲ್ಲ ಕಡೆಗೆ ಕವಲೊಡೆದಂತೆ ಹೊರಪದರದ ಎಫ್‌ಎ ಬೇಗ ಇಳಿಯುತ್ತದೆ, ಅದೇ ಹೊತ್ತಿಗೆ ತಂತುಕಟ್ಟುಗಳಲ್ಲಿ ಏರುತ್ತದೆ. ಎರಡೂ ಬೆಳವಣಿಗೆಯ ಲಕ್ಷಣಗಳೇ.

ತಂತುಗಳ ದಾರಿಯನ್ನು ಬಿಡಿಸುವುದು

ಟ್ರ್ಯಾಕ್ಟೋಗ್ರಫಿಯಲ್ಲಿ ವೋಕ್ಸೆಲ್ಲಿನಿಂದ ವೋಕ್ಸೆಲ್ಲಿಗೆ ದಿಕ್ಕನ್ನು ಹಿಂಬಾಲಿಸಿ ಗೆರೆ ಎಳೆಯುತ್ತಾರೆ. ಎಫ್‌ಎ 0.2ಕ್ಕಿಂತ ಇಳಿದಾಗ ಗೆರೆ ನಿಲ್ಲಬೇಕೆಂಬುದು ವಯಸ್ಕ ಮಿದುಳಿನಲ್ಲಿ ರೂಢಿ. ಎಳೆಯ ಮಿದುಳಿನಲ್ಲಿ ಅದನ್ನು ತಗ್ಗಿಸಬೇಕಾಗಬಹುದು, ತಗ್ಗಿಸಿದಾಗ ಸುಳ್ಳು ಗೆರೆಗಳೂ ಹೆಚ್ಚುತ್ತವೆ. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ, ಸರಿಯುತ್ತರ ಮೊದಲೇ ಗೊತ್ತಿದ್ದ ಕೃತಕ ದತ್ತಾಂಶದ ಮೇಲೆ 20 ತಂಡಗಳು 96 ಫಲಿತಾಂಶಗಳನ್ನು ಸಲ್ಲಿಸಿದವು. ಹೆಚ್ಚಿನವು ನಿಜವಾದ ಕಟ್ಟುಗಳಲ್ಲಿ ಶೇ. 90ರಷ್ಟನ್ನು ಹಿಡಿದವು, ಆದರೆ ಅದಕ್ಕಿಂತ ಹೆಚ್ಚು ಸಂಖ್ಯೆಯ ಇಲ್ಲದ ಕಟ್ಟುಗಳನ್ನೂ ಬಿಡಿಸಿಟ್ಟವು. ಗೆರೆಗಳನ್ನು ಮೂಲ ಸಂಕೇತದೊಂದಿಗೆ ತಾಳೆ ನೋಡಿ ಸಮರ್ಥನೆಯಿಲ್ಲದವನ್ನು ಕಳೆಯುವ ವಿಧಾನಗಳು ಈ ಕೊರತೆಯನ್ನು ತುಸು ತಗ್ಗಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ರಿಯಲ್-ಲೈಫ್ ಎಂಬ ಕ್ರಮವಿಧಿ ಇಂಥದ್ದೇ. ಗ್ರಾಫಿಕ್ಸ್ ಪ್ರೊಸೆಸರ್ ಬಳಸಿ ಅದು ಈ ಲೆಕ್ಕವನ್ನು ನೂರಕ್ಕೂ ಹೆಚ್ಚು ಪಟ್ಟು ವೇಗವಾಗಿ ಮುಗಿಸುತ್ತದೆ. ಅದು ಮನುಷ್ಯರ ದತ್ತಾಂಶಕ್ಕಾಗಿ ರೂಪುಗೊಂಡದ್ದು, ಆದ್ದರಿಂದ ಇಲಿಗೆ ಬಳಸುವಾಗ ನಿಯತಾಂಕಗಳನ್ನು ನೀವೇ ಪರೀಕ್ಷಿಸಿಕೊಳ್ಳಬೇಕು.

ನಿಮ್ಮ ನಿಯತಾಂಕಗಳನ್ನು ಒರೆಗೆ ಹಚ್ಚಲು ಇಲಿಗಳಲ್ಲಿಯೇ ಒಳ್ಳೆಯ ಉಪಾಯವಿದೆ. ಬಿಟಿಬಿಆರ್ ತಳಿಯ ಇಲಿಗಳಿಗೆ ಕಾರ್ಪಸ್ ಕಲೋಸಮ್ ಇರುವುದಿಲ್ಲ. ಅದೇ ವ್ಯವಸ್ಥೆಯಲ್ಲಿ ಈ ತಳಿಯ ಮಿದುಳೊಂದನ್ನು ಸ್ಕ್ಯಾನ್ ಮಾಡಿ; ಕಾರ್ಪಸ್ ಕಲೋಸಮ್ ಇರಬೇಕಾಗಿದ್ದ ಜಾಗದಲ್ಲಿ ನಡುಗೆರೆ ದಾಟುವ ಗೆರೆಗಳು ದಂಡಿಯಾಗಿ ಮೂಡಿದರೆ ನಿಮ್ಮ ಮಿತಿಗಳು ತೀರ ಸಡಿಲವಾಗಿವೆ.

ವಯಸ್ಸುಗಳನ್ನು ಹೋಲಿಸುವಾಗ ಎಲ್ಲ ಮಿದುಳುಗಳನ್ನೂ ನೇರವಾಗಿ ವಯಸ್ಕ ಮಾದರಿಗೆ ಹಿಗ್ಗಿಸಬೇಡಿ. ಪ್ರತಿ ವಯಸ್ಸಿಗೆ ಒಂದು ಸರಾಸರಿ ಮಾದರಿ ಕಟ್ಟಿ, ಅಕ್ಕಪಕ್ಕದ ವಯಸ್ಸುಗಳನ್ನು ಸರಪಳಿಯಂತೆ ಜೋಡಿಸಿ; ಆಂಟ್ಸ್ ತಂತ್ರಾಂಶ ಇದಕ್ಕೆ ಅನುಕೂಲ. ತಂತುಕಟ್ಟು ದಪ್ಪವಾದಂತೆ ಅದರ ಅಂಚಿನ ವೋಕ್ಸೆಲ್ಲುಗಳಲ್ಲಿ ಬೆರಕೆ ಕಡಿಮೆಯಾಗಿ ಎಫ್‌ಎ ತಾನಾಗಿ ಏರಿದಂತೆ ಕಾಣುತ್ತದೆ. ಅದಕ್ಕಾಗಿ ಕಟ್ಟಿನ ನಡುಭಾಗದ ವೋಕ್ಸೆಲ್ಲುಗಳನ್ನಷ್ಟೇ ಅಳೆದು ಇನ್ನೊಮ್ಮೆ ನೋಡಿ.

ಸೂಕ್ಷ್ಮದರ್ಶಕದ ಸಾಕ್ಷ್ಯ

ಸ್ಕ್ಯಾನ್ ಮುಗಿದ ಮಿದುಳನ್ನು ಎಸೆಯಬೇಡಿ. ಫಾಮ್‌ಬ್ಲಿನ್ ಒರೆಸಿ, ಬಫರಿನಲ್ಲಿ ತೊಳೆದು, ಅದೇ ಮಿದುಳನ್ನು ಸೀಳಿ ಬಣ್ಣ ಹಾಕಬಹುದು: ತಂತುಗಳನ್ನು ನೋಡಲು ನ್ಯೂರೋಫಿಲಮೆಂಟ್ ಎಂಬ ಪ್ರೋಟೀನಿಗೆ, ಮೈಲಿನ್ ನೋಡಲು ಮೈಲಿನ್ ಬೇಸಿಕ್ ಪ್ರೋಟೀನಿಗೆ. ಅಂಗಾಂಶವನ್ನು ಪಾರದರ್ಶಕವಾಗಿಸಿ ಲೈಟ್‌ಶೀಟ್ ಸೂಕ್ಷ್ಮದರ್ಶಕದಲ್ಲಿ ಇಡಿಯಾಗಿ ನೋಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡೂ ಚಿತ್ರಗಳನ್ನು ಮೂರು ಆಯಾಮಗಳಲ್ಲಿ ಒಂದರ ಮೇಲೊಂದು ಕೂರಿಸಬಹುದು. ಪಾರದರ್ಶಕಗೊಳಿಸುವಾಗ ಅಂಗಾಂಶ ಕುಗ್ಗುವುದನ್ನು ಅಥವಾ ಉಬ್ಬುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ವಯಸ್ಕ ಇಲಿಯ ತಂತುಸಂಪರ್ಕಗಳಿಗೆ, ವೈರಸ್ ಮೂಲಕ ಗುರುತು ಹಾಕಿ ತಯಾರಿಸಿದ ಆಲನ್ ಸಂಸ್ಥೆಯ ಸಂಪರ್ಕ ಭೂಪಟ ಎಲ್ಲರಿಗೂ ಮುಕ್ತವಾಗಿದೆ. ನಿಮ್ಮ ಗೆರೆಗಳಲ್ಲಿ ಯಾವುದಕ್ಕಾದರೂ ಅಲ್ಲಿ ಆಧಾರ ಸಿಗದಿದ್ದರೆ, ಅದು ಬೆಳವಣಿಗೆಯ ಕಾಲದಲ್ಲಿ ಮಾತ್ರ ಇದ್ದು ಆಮೇಲೆ ಕತ್ತರಿಸಿಹೋಗುವ ತಾತ್ಕಾಲಿಕ ತಂತು ಇರಬಹುದು, ಬರಿಯ ಲೆಕ್ಕದ ಭ್ರಮೆಯೂ ಇರಬಹುದು. ಆ ವಯಸ್ಸಿನ ಸಂರಕ್ಷಿತ ಮಿದುಳಿನಲ್ಲಿ ಡೈ-ಐ ಎಂಬ ಕೊಬ್ಬಿನಲ್ಲಿ ಹರಡುವ ಬಣ್ಣದ ಸಣ್ಣ ಹರಳೊಂದನ್ನು ತಂತು ಹೊರಡುವ ಜಾಗದಲ್ಲಿಟ್ಟು, ಬಣ್ಣ ಹರಿಯಲು ವಾರಗಳ ಕಾಲ ಬಿಟ್ಟು ನೋಡಿದರೆ ಎರಡರಲ್ಲಿ ಯಾವುದೆಂದು ತೀರ್ಮಾನಿಸಬಹುದು.